ಒರೆಸಿದರೆ ಹೋಗುವ ಬೂಷ್ಟು, ಒರೆಸಿದರೂ ಹೋಗದ ವಿಷ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಬೂಷ್ಟು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ, ಎಲ್ಲದಕ್ಕೂ ಬೂಷ್ಟು. ಕೊಯ್ಲಿನ ಹೊತ್ತಿಗೆ ಮಳೆ ಬಿಡದೇ ಹೋದ್ರೆ ಅಂಗಳದ ಅಡಿಕೆಗೂ ಬೂಷ್ಟು. ನಾವೇನ್ ಮಾಡ್ತೀವಿ? ಒರೆಸ್ತೀವಿ, ಬಿಸಿಲು ಬಂದಾಗ ಒಣಗಿಸ್ತೀವಿ, ಮುಗೀತು. ಆದರೆ ಒರೆಸಿದ ಮೇಲೆ ಒಳಗೆ ಏನು ಉಳಿದಿರುತ್ತೆ? ಈ ಪ್ರಶ್ನೆಯನ್ನು ಸರಿಯಾಗಿ ಕೇಳೋದಕ್ಕೇ ವಿಜ್ಞಾನಿಗಳಿಗೆ ಬಹಳ ಕಾಲ ಹಿಡೀತು. ಇವತ್ತಿನ ಸಂಚಿಕೆ ಆ ಕಥೆ.

ಮೊದಲು ನಮ್ಮ ತೋಟಕ್ಕೇ ಹೋಗೋಣ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಆಗ ಮಲೆನಾಡನ್ನು ಕಾಡುತ್ತಿದ್ದದ್ದು ಅಡಿಕೆಯ ಕೊಳೆ ರೋಗ. ಅದಕ್ಕೆ ಕಾರಣವಾದ ಫೈಟಾಫ್ತೊರಾವನ್ನು ಅಧ್ಯಯನ ಮಾಡಿ ಅವರು 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಹೀಗೆ ನಮ್ಮಲ್ಲಿ ಬೇರೂರಿತು. ಇವತ್ತಿಗೂ ಮಳೆಗಾಲ ಅಂದ್ರೆ ಕೊನೆಗೌಡರು ಮರ ಹತ್ತಿ ಅದನ್ನೇ ಹೊಡೀತಾರೆ.

ಕೋಲ್ಮನ್ ಹುಡುಕುತ್ತಿದ್ದ ಶತ್ರು ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿತ್ತು. ಅದು ಕಾಯಿಯನ್ನು ಕೊಳೆಸುತ್ತೆ, ಕಾಯಿ ಉದುರುತ್ತೆ, ನಷ್ಟ ಕಣ್ಣೆದುರೇ ಇರುತ್ತೆ. ಆದರೆ ಚೀಲದಲ್ಲಿ ಕೂತ ಅಡಿಕೆ, ಶೇಂಗಾ, ಜೋಳಕ್ಕೆ ಬರೋ ಬೂಷ್ಟಿನ ಕಥೆ ಬೇರೆ. ಅವುಗಳಲ್ಲಿ ಕೆಲವು ಬೆಳೆಯುತ್ತಾ ಬೆಳೆಯುತ್ತಾ ವಿಷವನ್ನೂ ತಯಾರಿಸ್ತವೆ. ಆ ವಿಷಕ್ಕೆ ಬಣ್ಣ ಕಾಣಲ್ಲ, ವಾಸನೆ ಇಲ್ಲ.

ಇದು ಜಗತ್ತಿಗೆ ಗೊತ್ತಾಗಿದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದ್ದಕ್ಕೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಅಂತ ಕರೆದರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಶಿಲೀಂಧ್ರ. ಅದರ ಹೆಸರಿನಿಂದಲೇ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಅನ್ನೋ ಹೆಸರು ಬಂತು.

ಪತ್ತೆ ಹೇಗೆ? ಶುರುವಿನಲ್ಲಿ ಬಾತುಕೋಳಿ ಮರಿಗಳೇ ಪರೀಕ್ಷೆಯ ಉಪಕರಣ. ಅನುಮಾನದ ಆಹಾರ ತಿನ್ನಿಸಿ, ಲಿವರ್ ಹಾಳಾಗಿದೆಯಾ ಅಂತ ನೋಡೋದು. ಆಮೇಲೆ ತೆಳು ಪದರದ ಕ್ರೊಮಟೊಗ್ರಫಿ ಬಂತು. ಗಾಜಿನ ಹಲಗೆ ಮೇಲೆ ಸಿಲಿಕಾ ಪುಡಿಯ ತೆಳು ಲೇಪ, ಅದರ ಮೇಲೆ ಆಹಾರದಿಂದ ತೆಗೆದ ರಸದ ಒಂದು ಚುಕ್ಕೆ. ದ್ರಾವಕ ಮೇಲೇರುತ್ತಾ ರಸದಲ್ಲಿರೋದನ್ನೆಲ್ಲ ಬೇರೆ ಬೇರೆ ಮಾಡುತ್ತೆ. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ವಿಷ ಹೊಳೆಯುತ್ತೆ. ನೀಲಿ ಹೊಳೆದದ್ದು ಬಿ, ಹಸಿರು ಹೊಳೆದದ್ದು ಜಿ. ಬಿ1, ಬಿ2, ಜಿ1, ಜಿ2 ಅನ್ನೋ ಹೆಸರುಗಳು ಹುಟ್ಟಿದ್ದೇ ಆ ಬೆಳಕಿನಿಂದ.

ಈ ಸುದ್ದಿ ಮೈಸೂರಿಗೆ ಬೇಗ ಮುಟ್ಟಿತು. ಯಾಕಂದ್ರೆ ಅಲ್ಲಿನ ಸಿಎಫ್‌ಟಿಆರ್‌ಐ ಶೇಂಗಾ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಬಡವರಿಗಾಗಿ ಪೌಷ್ಟಿಕ ಆಹಾರ ರೂಪಿಸಿತ್ತು. ಹಸಿದವರಿಗೆ ಕೊಡೋ ಹಿಟ್ಟಿನಲ್ಲೇ ವಿಷ ಇದ್ದರೆ? ಅಲ್ಲಿನ ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪಾರ್ಪಿಯಾ ಮತ್ತು ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಶೇಂಗಾ ಹಿಟ್ಟಿನ ಅಫ್ಲಾಟಾಕ್ಸಿನ್ ತೆಗೆಯುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು.

ಇಲ್ಲೊಂದು ತಿರುವಿದೆ. ಆಸ್ಪರ್ಜಿಲಸ್ ಫ್ಲೇವಸ್ ಕಂಡ ಕಡೆಯೆಲ್ಲ ವಿಷ ಇರಲ್ಲ. ಅದರ ಕೆಲವು ತಳಿಗಳು ವಿಷ ಮಾಡೋದೇ ಇಲ್ಲ. ಅದರ ಹತ್ತಿರದ ಸಂಬಂಧಿಯೊಂದನ್ನು ಬಳಸಿ ಜಪಾನಿನವರು ಶತಮಾನಗಳಿಂದ ಸೋಯಾ ಸಾಸ್ ಮಾಡ್ತಿದ್ದಾರೆ. ಹಾಗಾದ್ರೆ ವಿಷ ಮಾಡೋ ಬೂಷ್ಟನ್ನು ಬೇರೆ ಮಾಡೋದು ಹೇಗೆ? ಇದಕ್ಕೆ ಒದಗಿದ್ದು ನಮ್ಮ ಅಡುಗೆಮನೆಯ ತೆಂಗಿನಕಾಯಿ! ಕಾಯಿಯ ಮೇಲೆ ಅಫ್ಲಾಟಾಕ್ಸಿನ್ ಚೆನ್ನಾಗಿ ತಯಾರಾಗುತ್ತೆ ಅಂತ 1969ರಲ್ಲಿ ಶ್ರೀಲಂಕಾದ ಸಂಶೋಧಕರು ತೋರಿಸಿದರು. ಆಮೇಲೆ ಕಾಯಿರಸ ಸೇರಿಸಿದ ಅಗರ್ ತಟ್ಟೆಗಳು ಬಂದವು. ಅದರ ಮೇಲೆ ಶಿಲೀಂಧ್ರ ಬೆಳೆಸಿ ಅತಿನೇರಳೆ ದೀಪ ಹಿಡಿದರೆ ವಿಷಗಾರನ ಸುತ್ತ ನೀಲಿ ಹೊಳಪು. 1999ರಲ್ಲಿ ಜಪಾನಿನವರು ಇನ್ನೂ ಸುಲಭದ ದಾರಿ ಕಂಡುಕೊಂಡರು. ಅಮೋನಿಯಾ ಆವಿ ತಾಗಿಸಿದರೆ ವಿಷ ಮಾಡೋ ಬೂಷ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಬೇರೆಯದು ತಿರುಗಲ್ಲ.

ಇದೆಲ್ಲ ಬರೀ ಲ್ಯಾಬಿನ ಆಟ ಅಲ್ಲ. 1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಿಗೆ ಲಿವರ್ ಕಾಯಿಲೆ ಬಂತು. ಕಾಯಿಲೆ ಬಿದ್ದವರು 397, ಸತ್ತವರು 106. ಬೇರೆ ಧಾನ್ಯ ಇಲ್ಲದವರು ಅದನ್ನೇ ತಿನ್ನಬೇಕಾಗಿತ್ತು. 1995ರಲ್ಲಿ ಕರ್ನಾಟಕ, ಆಂಧ್ರದ ದಖ್ಖನ್ ಹಳ್ಳಿಗಳ ಸರದಿ. ಅಕಾಲಿಕ ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಆ ಧಾನ್ಯದಲ್ಲಿ ಪತ್ತೆ ಮಾಡಿದ್ದು ಅಫ್ಲಾಟಾಕ್ಸಿನ್ ಜೊತೆಗೆ ಫ್ಯುಮೋನಿಸಿನ್ ಅನ್ನೋ ಇನ್ನೊಂದು ವಿಷವನ್ನು. ಅದೇ ಧಾನ್ಯ ತಿಂದ ಕೋಳಿಮರಿಗಳಿಗೂ ಭೇದಿಯಾಯ್ತು. ಗಮನಿಸಿ, ಫ್ಯುಮೋನಿಸಿನ್ ಜಗತ್ತಿಗೆ ಗೊತ್ತಾಗಿದ್ದೇ 1988ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಅದಕ್ಕೆ ಮೊದಲು ಇಂಥ ಜೋಳವನ್ನು ಎಷ್ಟೇ ಒಳ್ಳೆಯ ಲ್ಯಾಬಿಗೆ ಕೊಟ್ಟಿದ್ದರೂ ಆ ಹೆಸರು ಬರ್ತಿರಲಿಲ್ಲ. ಲ್ಯಾಬ್ ಉತ್ತರ ಹೇಳೋದು ನಾವು ಕೇಳಿದ ಪ್ರಶ್ನೆಗೆ ಮಾತ್ರ.

ಈಗ ಎಚ್‌ಪಿಎಲ್‌ಸಿ ಯಂತ್ರ ವಿಷದ ಪ್ರಮಾಣ ಅಳೆಯುತ್ತೆ. ಎಲೈಸಾ ಕಿಟ್ ಬೇಗ ಸುಳಿವು ಕೊಡುತ್ತೆ. ಪಿಸಿಆರ್, ವಿಷ ತಯಾರಿಸೋ ಜೀನ್ ಶಿಲೀಂಧ್ರದಲ್ಲಿದೆಯಾ ಅಂತ ಹೇಳುತ್ತೆ. ಜೀನ್ ಇದೆ ಅಂದಮಾತ್ರಕ್ಕೆ ವಿಷ ತಯಾರಾಗಿದೆ ಅಂತಲ್ಲ. ಬೂಷ್ಟು ಸತ್ತಿದೆ ಅಂದಮಾತ್ರಕ್ಕೆ ವಿಷ ಹೋಗಿದೆ ಅಂತಲೂ ಅಲ್ಲ. ಬಿಸಿಲಿಗೆ ಬೂಷ್ಟು ಸಾಯಬಹುದು, ಆದರೆ ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಮಾಮೂಲಿ ಅಡುಗೆಯ ಬೆಂಕಿಗೂ ಪೂರ್ತಿ ಹೋಗಲ್ಲ. ಅದಕ್ಕೇ ಈ ಪರೀಕ್ಷೆಗಳಲ್ಲಿ ಒಂದು ಇನ್ನೊಂದರ ಬದಲಿಗೆ ಆಗಲ್ಲ.

ವಾಪಸ್ ಅಡಿಕೆಗೆ ಬರೋಣ. ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅಡಿಕೆಗೆ ಅಫ್ಲಾಟಾಕ್ಸಿನ್ ಮಿತಿ ಕೆಜಿಗೆ 15 ಮೈಕ್ರೊಗ್ರಾಂ. ಅಂದ್ರೆ 100 ಕೋಟಿ ಪಾಲಿನಲ್ಲಿ 15 ಪಾಲು. ಕಣ್ಣಿಗೂ ಮೂಗಿಗೂ ನಿಲುಕದ ಲೆಕ್ಕ. ಇನ್ನೊಂದು ಕಷ್ಟ ಏನಂದ್ರೆ, ವಿಷ ಚೀಲದ ತುಂಬ ಸಮನಾಗಿ ಹರಡಿರಲ್ಲ, ಎಲ್ಲೋ ನಾಲ್ಕು ಅಡಿಕೆಯಲ್ಲಿ ಇರಬಹುದು. ಮೇಲಿನಿಂದ ಒಂದು ಹಿಡಿ ತೆಗೆದು ಕಳಿಸಿದರೆ ಎಷ್ಟು ದುಬಾರಿ ಯಂತ್ರ ಇದ್ದೂ ಉಪಯೋಗ ಇಲ್ಲ. ಚೀಲದ ಹಲವು ಕಡೆಯಿಂದ ತೆಗೆದು, ಪುಡಿ ಮಾಡಿ, ಬೆರೆಸಿ ಕೊಡಬೇಕು. ನಿಜವಾದ ಪರೀಕ್ಷೆ ಶುರುವಾಗೋದು ಲ್ಯಾಬಿನಲ್ಲಲ್ಲ, ಅಂಗಳದಲ್ಲಿ.

ಕಹಿ ಆದರೂ ಇದನ್ನು ಹೇಳಲೇಬೇಕು. ಅಫ್ಲಾಟಾಕ್ಸಿನ್ ಇಲ್ಲ ಅಂತ ರಿಪೋರ್ಟ್ ಬಂದರೆ ಆ ಒಂದು ವಿಷ ಇಲ್ಲ ಅಂತಷ್ಟೇ ಅರ್ಥ. ಅಡಿಕೆ ಜಗಿಯೋದೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಹೇಳಿದೆ. ಅದು ಬೇರೆ ಪ್ರಶ್ನೆ, ಅದರ ಉತ್ತರವೂ ಬೇರೆ. ಎರಡನ್ನೂ ಬೆರೆಸಿಕೊಂಡರೆ ಬೆಳೆಯುವವರಿಗೂ ಲಾಭ ಇಲ್ಲ, ತಿನ್ನುವವರಿಗೂ ಇಲ್ಲ.

ಮುಂದಿನ ಸಲ ಯಾರಾದ್ರೂ “ಲ್ಯಾಬ್ ಟೆಸ್ಟ್ ಆಗಿದೆ” ಅಂದ್ರೆ ಮೂರು ಮಾತು ಕೇಳಿ. ಏನನ್ನು ಹುಡುಕಿದ್ರಿ? ಯಾವ ವಿಧಾನದಲ್ಲಿ? ಸ್ಯಾಂಪಲ್ ತೆಗೆದದ್ದು ಎಲ್ಲಿಂದ? ಮುಂದಿನ ಸಂಚಿಕೆಯಲ್ಲಿ ಸಿಗೋಣ.