ಪರ್ಲ್ ಮಾಡ್ಯೂಲ್‌ಗಳ ಕೈಯಾರೆ ಅನುಸ್ಥಾಪನೆ

ಪರ್ಲ್ ಪ್ರೋಗ್ರಾಮಿಂಗ್ ಭಾಷೆಯ ಮಾಡ್ಯೂಲೊಂದರ ಆಕರ ಕಡತಗಳನ್ನು ಇಳಿಸಿಕೊಂಡು, ಬಳಕೆದಾರರು ತಾವೇ ಒಂದೊಂದಾಗಿ ಆದೇಶಗಳನ್ನು ನೀಡಿ ಗಣಕದಲ್ಲಿ ಅಳವಡಿಸುವ ಕ್ರಮಕ್ಕೆ ಕೈಯಾರೆ ಅನುಸ್ಥಾಪನೆ ಎನ್ನುತ್ತಾರೆ. ಅವಲಂಬನೆಗಳ ಪರಿಶೀಲನೆ ಹಾಗೂ ಪರೀಕ್ಷೆ ಇದರ ಎರಡು ಪೂರ್ವಭಾವಿ ಘಟ್ಟಗಳು.

ಹಿನ್ನೆಲೆ

ಲ್ಯಾರಿ ವಾಲ್ ಅವರು ರೂಪಿಸಿದ ಪರ್ಲ್ ಭಾಷೆ 1987ರಲ್ಲಿ ಬಿಡುಗಡೆಯಾಯಿತು. ಅದರ ಮಾಡ್ಯೂಲ್‌ಗಳ ಸಾರ್ವಜನಿಕ ಭಂಡಾರವಾದ ಸಿಪ್ಯಾನ್ 1995ರಲ್ಲಿ ಆರಂಭವಾಯಿತು. ಒಂದು ಮಾಡ್ಯೂಲ್ ತನ್ನ ಕೆಲಸಕ್ಕೆ ಬೇರೆ ಮಾಡ್ಯೂಲ್‌ಗಳ ನೆರವು ಪಡೆಯುವುದು ಸಾಮಾನ್ಯ. ಹೀಗೆ ಬೇಕಾಗುವವುಗಳೇ ಅವಲಂಬನೆಗಳು. ಸಿಪ್ಯಾನ್ ಹೆಸರಿನ ಸಾಧನವು ಇವುಗಳನ್ನು ತಾನೇ ಹುಡುಕಿ ತರಬಲ್ಲುದು. ಅಂತರಜಾಲ ಸಂಪರ್ಕವಿಲ್ಲದ ಗಣಕಗಳಲ್ಲಿ ಆ ಹೊಣೆ ಬಳಕೆದಾರರದಾಗುತ್ತದೆ.

ಕ್ರಮ

ಇಳಿಸಿಕೊಂಡ ಕಡತವನ್ನು ಬಿಚ್ಚಿದ ಬಳಿಕ ಸಾಮಾನ್ಯವಾಗಿ ನಾಲ್ಕು ಆದೇಶಗಳನ್ನು ಅನುಕ್ರಮವಾಗಿ ನೀಡಬೇಕು.

1. ಪರ್ಲ್ ಮೇಕ್‌ಫೈಲ್.ಪಿಎಲ್: ಅವಲಂಬನೆಗಳನ್ನು ಪರಿಶೀಲಿಸಿ, ಮುಂದಿನ ಹಂತಗಳ ಸೂಚನೆಗಳುಳ್ಳ ಕಡತವನ್ನು ಸಿದ್ಧಪಡಿಸುತ್ತದೆ.
2. ಮೇಕ್: ಮಾಡ್ಯೂಲನ್ನು ಕಟ್ಟುತ್ತದೆ.
3. ಮೇಕ್ ಟೆಸ್ಟ್: ಪರೀಕ್ಷೆಗಳನ್ನು ನಡೆಸುತ್ತದೆ.
4. ಮೇಕ್ ಇನ್‌ಸ್ಟಾಲ್: ಕಡತಗಳನ್ನು ಪರ್ಲ್‌ನ ಗ್ರಂಥಾಲಯಕ್ಕೆ ನಕಲಿಸುತ್ತದೆ.

ಮೊದಲ ಮೂರು ಹಂತಗಳು ಬಿಚ್ಚಿದ ಕಡತಕೋಶದೊಳಗೇ ನಡೆಯುತ್ತವೆ. ಅಲ್ಲಿ ತಪ್ಪು ಕಂಡರೆ ಆ ಕೋಶವನ್ನು ಅಳಿಸಿದರೆ ಸಾಕು. ನಾಲ್ಕನೆಯ ಹಂತವು ಗಣಕದ ಇತರ ಪ್ರೋಗ್ರಾಮ್‌ಗಳೂ ಬಳಸುವ ಗ್ರಂಥಾಲಯವನ್ನು ಬದಲಿಸುವುದರಿಂದ, ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮೂ ಕೆಡಬಹುದು. ಪರೀಕ್ಷೆಯನ್ನು ಅನುಸ್ಥಾಪನೆಗೆ ಮೊದಲೇ ಇರಿಸಿರುವ ಕಾರಣ ಇದೇ.

ಅವಲಂಬನೆಗಳ ಪರಿಶೀಲನೆ

ಬೇಕಾದ ಮಾಡ್ಯೂಲ್ ಇಲ್ಲದಿದ್ದರೆ ಅಥವಾ ಅದರ ಆವೃತ್ತಿ ಹಳೆಯದಾಗಿದ್ದರೆ ಮೊದಲ ಆದೇಶವು ಎಚ್ಚರಿಕೆಯನ್ನು ತೋರಿಸುತ್ತದೆ. ಆದರೆ ಸಾಮಾನ್ಯವಾಗಿ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಆದುದರಿಂದ ತೆರೆಯ ಮೇಲಿನ ಸಾಲುಗಳನ್ನು ಓದುವುದು ಅವಶ್ಯ. ಅವಲಂಬನೆಗೂ ತನ್ನದೇ ಅವಲಂಬನೆಗಳಿರಬಹುದು. ಸರಪಳಿಯ ಕೊನೆಯದನ್ನು ಮೊದಲು ಅಳವಡಿಸಬೇಕು. ಕೆಲವು ಮಾಡ್ಯೂಲ್‌ಗಳಿಗೆ ಸಿ ಭಾಷೆಯ ಕಂಪೈಲರ್ ಹಾಗೂ ಪರ್ಲ್‌ನ ಹೊರಗಿನ ಗ್ರಂಥಾಲಯಗಳೂ ಬೇಕು. ಉದಾಹರಣೆಗೆ, ಎಕ್ಸ್‌ಎಂಎಲ್::ಲಿಬ್‌ಎಕ್ಸ್‌ಎಂಎಲ್ ಎಂಬ ಮಾಡ್ಯೂಲ್‌ಗೆ ಲಿಬ್‌ಎಕ್ಸ್‌ಎಂಎಲ್2 ಗ್ರಂಥಾಲಯ ಅಗತ್ಯ.

ಪರೀಕ್ಷೆ

ಪರೀಕ್ಷಾ ಕಡತಗಳು ‘ಟಿ’ ಎಂಬ ಕಡತಕೋಶದಲ್ಲಿರುತ್ತವೆ. ಪ್ರತಿ ಪರೀಕ್ಷೆಯ ಫಲಿತಾಂಶ ‘ಓಕೆ’ ಅಥವಾ ‘ನಾಟ್ ಓಕೆ’ ಎಂದು ದಾಖಲಾಗಿ, ಕೊನೆಯಲ್ಲಿ ಸಾರಾಂಶ ಮೂಡುತ್ತದೆ. ‘ಸ್ಕಿಪ್ಡ್’ ಎಂದರೆ ಉತ್ತೀರ್ಣವೆಂದಲ್ಲ, ಆ ಭಾಗದ ಪರೀಕ್ಷೆಯೇ ನಡೆದಿಲ್ಲವೆಂದರ್ಥ. ಐಚ್ಛಿಕ ಮಾಡ್ಯೂಲ್ ಇಲ್ಲದಿರುವುದು ಇದಕ್ಕೊಂದು ಸಾಮಾನ್ಯ ಕಾರಣ.

ಮಿತಿಗಳು

ಪರೀಕ್ಷೆ ವಿಫಲವಾದರೆ ಸಿಪ್ಯಾನ್ ಸಾಧನವು ಒತ್ತಾಯಿಸದ ಹೊರತು ಅನುಸ್ಥಾಪಿಸುವುದಿಲ್ಲ. ಕೈಯಾರೆ ಮಾಡುವಾಗ ಇಂತಹ ತಡೆ ಇಲ್ಲ. ಮೂರನೆಯ ಹಂತವನ್ನು ಬಿಟ್ಟರೂ ನಾಲ್ಕನೆಯದು ನಡೆಯುತ್ತದೆ. ಎಲ್ಲ ಪರೀಕ್ಷೆಗಳು ಉತ್ತೀರ್ಣವಾದರೂ, ಲೇಖಕರು ಪರೀಕ್ಷೆ ಬರೆದಿರುವ ಅಂಶಗಳಷ್ಟೇ ಸರಿಯಿವೆಯೆಂದು ತಿಳಿಯುತ್ತದೆ.