ಸ್ಪೋರ್ಟ್ಸ್ ಕಾರಿನ ಚಕ್ರ: ಅಂದವೋ, ಅನುಕೂಲವೋ?

ಸ್ಪೋರ್ಟ್ಸ್ ಕಾರಿನ ಒಡೆಯರು ಎಂಜಿನ್ನಿನಷ್ಟೇ ಆಸ್ಥೆಯಿಂದ ಚಕ್ರಗಳನ್ನೂ ಗಮನಿಸುತ್ತಾರೆ. ಕಾರ್ಖಾನೆ ಜೋಡಿಸಿಕೊಟ್ಟ ಚಕ್ರವನ್ನೇ ಇಟ್ಟುಕೊಳ್ಳಬೇಕೇ, ಬದಲಿಸಬೇಕೇ ಎಂಬ ಚರ್ಚೆ ಹಳೆಯದು. ಈ ಚರ್ಚೆಯಲ್ಲಿ ಅಭಿರುಚಿಯ ಜೊತೆಗೆ ಭೌತವಿಜ್ಞಾನವೂ ಸೇರಿದೆ.

ಮೊದಲು ಮೆರೆದದ್ದು ತಂತಿ ಚಕ್ರ. ಸೈಕಲ್ಲಿನಲ್ಲಿರುವಂತೆ ಇಲ್ಲಿಯೂ ತೆಳುವಾದ ಉಕ್ಕಿನ ಕಡ್ಡಿಗಳಿವೆ. ಒತ್ತಿದರೆ ಬಾಗುವ ಕಡ್ಡಿ, ಎಳೆತವನ್ನು ಚೆನ್ನಾಗಿ ತಾಳಬಲ್ಲದು. ಆದ್ದರಿಂದ ಕಡ್ಡಿಗಳನ್ನೆಲ್ಲ ಮೊದಲೇ ಬಿಗಿದಿರುತ್ತಾರೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರಿನ ಪ್ರತಿ ಚಕ್ರದಲ್ಲಿ 72 ಕಡ್ಡಿಗಳಿದ್ದವು. ನೋಟಕ್ಕೆ ಸೊಗಸು, ಆದರೆ ತೊಳೆಯುವುದು, ಬಿಗಿ ಸರಿಪಡಿಸುವುದು ಒಡೆಯನ ಪಾಲಿನ ಕೆಲಸ.

ಬ್ರಿಟನ್ನಿನ ಎಂಜಿಬಿ ಕಾರಿಗೆ ತಂತಿ ಚಕ್ರ ಐಚ್ಛಿಕವಾಗಿತ್ತು. 1969ರಲ್ಲಿ ಅದರ ಸಾದಾ ಉಕ್ಕಿನ ಚಕ್ರದ ಜಾಗಕ್ಕೆ ಅಚ್ಚೊತ್ತಿದ ಉಕ್ಕಿನ 'ರೋಸ್ಟೈಲ್' ಬಂತು. ಆರೈಕೆ ಸುಲಭವೆಂದು ಕೆಲವರು ಇದನ್ನು ಮೆಚ್ಚಿದರೆ, ಕಾರಿನ ಹಳೆಯ ಕಳೆಯೇ ಹೋಯಿತೆಂದು ಇನ್ನು ಕೆಲವರು ತಂತಿ ಚಕ್ರಕ್ಕೇ ಅಂಟಿಕೊಂಡರು.

ಮಿಶ್ರಲೋಹದ ದಾರಿ ತೋರಿದ್ದು ಬುಗಾಟಿ. ಅದರ ಟೈಪ್ 35 ಕಾರು 1924ರಲ್ಲಿ ಫ್ರಾನ್ಸಿನ ಲಿಯೋನ್ ಪಂದ್ಯಕ್ಕೆ ಇಳಿದಾಗ, ಚಪ್ಪಟೆಯಾದ ಎಂಟು ಅರಗಳ ಅಲ್ಯೂಮಿನಿಯಂ ಎರಕದ ಚಕ್ರಗಳಿದ್ದವು. ಬ್ರೇಕ್ ಡ್ರಮ್ಮು ಚಕ್ರದಲ್ಲೇ ಸೇರಿತ್ತು. ಚಕ್ರ ಕಳಚಿದೊಡನೆ ಬ್ರೇಕನ್ನೂ ಪರೀಕ್ಷಿಸಬಹುದಿತ್ತು.

1966ರಲ್ಲಿ ಪೋರ್ಷೆ 911 ಎಸ್ ಕಾರಿಗೆ ಜರ್ಮನಿಯ ಫುಕ್ಸ್ ಸಂಸ್ಥೆಯ ಐದು ಅರಗಳ ಚಕ್ರ ಬಂತು. ರೂಪ ಕೊಟ್ಟವರು ಪೋರ್ಷೆಯ ಹೈನ್ರಿಚ್ ಕ್ಲೀ. ಇದು ಎರಕವಲ್ಲ; ಕಾದ ಮಿಶ್ರಲೋಹವನ್ನು ಭಾರಿ ಒತ್ತಡದಲ್ಲಿ ಅದುಮಿ ರೂಪಿಸಿದ್ದು. ಹೀಗೆ ಮಾಡಿದಾಗ ಲೋಹದ ಕಣರಚನೆ ಒತ್ತಾಗಿ, ಕಡಿಮೆ ತೂಕದಲ್ಲೇ ಹೆಚ್ಚು ಬಲ ಸಿಗುತ್ತದೆ. ಒಡೆಯರ ಮೆಚ್ಚುಗೆ ಎಷ್ಟು ಬಾಳಿತೆಂದರೆ, 2009ರಲ್ಲಿ ಪ್ರಕಟವಾದ 911 ಸ್ಪೋರ್ಟ್ ಕ್ಲಾಸಿಕ್ ಕಾರಿಗೂ ಅದೇ ಮಾದರಿಯನ್ನು ಮರಳಿ ತರಲಾಯಿತು.

ತೂಕಕ್ಕೇಕೆ ಇಷ್ಟು ಮಹತ್ವ? ಚಕ್ರ ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕು. ಅಂಚಿನಲ್ಲಿರುವ 1 ಕಿಲೋಗ್ರಾಂ ರಾಶಿಯ ಚಲನಶಕ್ತಿ, ಕಾರಿನ ಒಡಲಿನಲ್ಲಿರುವ 1 ಕಿಲೋಗ್ರಾಮಿನದಕ್ಕಿಂತ ಸುಮಾರು ಎರಡರಷ್ಟು. ಅಲ್ಲದೆ ಚಕ್ರ ಹಗುರವಾದಷ್ಟೂ ಸ್ಪ್ರಿಂಗು ಅದನ್ನು ಬೇಗ ರಸ್ತೆಗೆ ಒತ್ತಿ ಹಿಡಿಯುತ್ತದೆ. ಅಂದಕ್ಕಾಗಿ ದೊಡ್ಡದಾದ, ಭಾರವಾದ ಚಕ್ರ ಹಾಕಿಸುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಒಂದು ಬಳೆಯನ್ನೂ ಒಂದು ಗಟ್ಟಿ ಬಿಲ್ಲೆಯನ್ನೂ ಇಳಿಜಾರು ಹಲಗೆಯ ಮೇಲೆ ಒಟ್ಟಿಗೆ ಉರುಳಿಬಿಡಿ. ಯಾವುದು ಮೊದಲು ಕೆಳಗೆ ತಲಪುತ್ತದೆ, ಏಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ.