ಹೋಟ್ಲಲ್ಲಿ ಮಕ್ಕಳಿಗೆ ಜಾಗ ಸಿಕ್ಕಿದ ಕತೆ

ಅಮೆರಿಕದಲ್ಲಿ ಮಗು ಎತ್ತಿಕೊಂಡು ಸಾಧಾರಣ ರೆಸ್ಟೋರೆಂಟಿಗೆ ಹೋದರೂ ಬಾಗಿಲಲ್ಲೇ ಕೇಳ್ತಾರೆ, ಎತ್ತರದ ಕುರ್ಚಿ ಬೇಕಾ ಅಂತ. ಕಂಪನಿ ಕೆಲಸದ ಮೇಲೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದ ಎರಡು ವರ್ಷ ಇದನ್ನ ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿತ್ತು. ಕುರ್ಚಿ ಬರತ್ತೆ, ಬಣ್ಣ ಹಚ್ಚೋಕೆ ಕಾಗದ, ನಾಲ್ಕು ಕ್ರೇಯಾನ್ ಬರತ್ತೆ, ಮಕ್ಕಳಿಗೆ ಅಂತಲೇ ಬೇರೆ ಮೆನು ಬರತ್ತೆ. ಆದರೆ ಮಗಳು ಒಂದು ಚಮಚ ಕೆಳಗೆ ಎಸೆದಳೋ, ಪಕ್ಕದ ಟೇಬಲ್ಲಿನವರ ಮುಖ ನೋಡೋಕಾಗಲ್ಲ. ನಾನು ತಿನ್ನೋವಾಗ ಹೆಂಡತಿ ಅವಳನ್ನ ಎತ್ತಿಕೊಂಡು ಹೊರಗೆ ಪಾರ್ಕಿಂಗಿನಲ್ಲಿ, ಅವಳು ತಿನ್ನೋವಾಗ ನಾನು ಹೊರಗೆ. ಮನೆಯಲ್ಲಿ ಪುಟ್ಟ ಮಕ್ಕಳಿರೋ ಬ್ಲಾಗಿಗ ಮಿತ್ರರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ :)

ಮಕ್ಕಳನ್ನ ಕಂಡರೆ ಅಷ್ಟಕ್ಕಷ್ಟೇ ಅನ್ನೋ ಜಾಗದಲ್ಲಿ ಇಷ್ಟೊಂದು ಏರ್ಪಾಡು ಮಾಡಿದ್ದಾದ್ರೂ ಯಾಕೆ? ಹುಡುಕುತ್ತಾ ಹೋದರೆ ಉತ್ತರ ಸಿಕ್ಕಿದ್ದು ಹೆಂಡದಂಗಡಿಯಲ್ಲಿ!

1920ರ ಜನವರಿಯಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ಅದಕ್ಕೂ ಮುಂಚೆ ದೊಡ್ಡ ಹೋಟೆಲುಗಳ ಊಟದ ಹಾಲಿಗೆ ಸಣ್ಣ ಮಕ್ಕಳನ್ನ ಕರೆದುಕೊಂಡು ಬರೋದು ಅಪರೂಪ. ಕುಡಿದು ಮಾತಾಡೋ ದೊಡ್ಡವರ ನಡುವೆ ಮಕ್ಕಳಿಗೇನು ಕೆಲಸ ಅನ್ನೋ ಲೆಕ್ಕ. ಮದ್ಯದ ಆದಾಯ ನಿಂತುಹೋದ ಮೇಲೆ ಹೋಟೆಲಿನವರ ಕಣ್ಣು ಮಕ್ಕಳ ಮೇಲೆ ಬಿತ್ತು. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲು 1921ರಲ್ಲಿ ಮಕ್ಕಳಿಗಾಗಿಯೇ ಮೆನು ಮಾಡಿಸಿತು. ಅದರಲ್ಲಿ ಇದ್ದದ್ದು ಅನ್ನದ ಮೇಲೆ ಬಿಡಿಸಿ ಹಾಕಿದ ಕೋಳಿ, ಬೆಣ್ಣೆ ಸೇರಿಸಿದ ತರಕಾರಿ, ಇಂಥ ಸಪ್ಪೆ ಸಪ್ಪೆ ಊಟ. ಎಮ್ಮೆಟ್ ಹೋಲ್ಟ್ ಅನ್ನೋ ಡಾಕ್ಟರು 1894ರಲ್ಲಿ ಬರೆದ ಮಕ್ಕಳ ಪಾಲನೆಯ ಪುಸ್ತಕ ಆಗ ಅಮೆರಿಕದ ತಾಯಂದಿರಿಗೆ ಶಾಸ್ತ್ರವಿದ್ದಂಗೆ, ರುಚಿಯಾದದ್ದು ಮಕ್ಕಳ ಹೊಟ್ಟೆಗೆ ಒಳ್ಳೆಯದಲ್ಲ ಅನ್ನೋದು ಅದರ ಧಾಟಿ. 1933ರಲ್ಲಿ ಪಾನನಿಷೇಧ ಹೋಯಿತು, ಮಕ್ಕಳ ಮೆನು ಉಳಿಯಿತು. 1979ರಲ್ಲಿ ಮೆಕ್‌ಡೊನಾಲ್ಡ್ಸ್‌ನವರು ಆಟಿಕೆ ಸೇರಿಸಿ ಹ್ಯಾಪಿ ಮೀಲ್ ಅಂತ ಶುರುಮಾಡಿದ ಮೇಲಂತೂ ಮಕ್ಕಳೇ ಅಪ್ಪ ಅಮ್ಮನ್ನ ಎಳಕೊಂಡು ಹೋಗೋ ಕಾಲ ಬಂತು.

ಸರಿ, ನಮ್ಮ ಕಡೆ?

ನಮ್ಮ ಹೋಟ್ಲುಗಳಲ್ಲಿ ಮಕ್ಕಳು ಮೊದಲಿಂದಲೂ ಇದ್ದರು. ಕೂತಿರಲಿಲ್ಲ, ಅಷ್ಟೇ. ಟೇಬಲ್ ಒರೆಸುತ್ತಿದ್ದರು. ಸಪ್ಲೈಯರ್‌ಗೆ ನಾವು ಬಳಸೋ 'ಮಾಣಿ' ಅನ್ನೋ ಮಾತೇ ನೋಡಿ, ಕುಂದಾಪುರದ ಕಡೆ ಮಾಣಿ ಅಂದ್ರೆ ಹುಡುಗ. ಕರಾವಳಿಯಿಂದ ಬೆಂಗಳೂರು, ಮದರಾಸು, ಬೊಂಬಾಯಿಗೆ ಹೋದ ಉಡುಪಿ ಹೋಟ್ಲುಗಳ ಹಿಂದೆ ಇಂಥ ಹುಡುಗರ ದೊಡ್ಡ ಪಡೆಯೇ ಇತ್ತು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ಚಿಕ್ಕ ವಯಸ್ಸಿನಲ್ಲೇ ಅಡುಗೆಮನೆ ಕೆಲಸದಿಂದ ಮೇಲೆ ಬಂದವರು. ಆದರೆ ಮಾಲೀಕರಾದವರ ಕತೆ ಮಾತ್ರ ನಮಗೆ ಗೊತ್ತಿರತ್ತೆ. ಬೊಂಬಾಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದದ್ದೇ ಹಗಲೆಲ್ಲಾ ಹೋಟ್ಲು, ಕ್ಯಾಂಟೀನುಗಳಲ್ಲಿ ದುಡಿಯೋ ಇಂಥವರಿಗಾಗಿ. ಊರು ಬಿಟ್ಟ ಹತ್ತು ಹನ್ನೆರಡರ ಹುಡುಗನಿಗೆ ಬೊಂಬಾಯಿ ಪರದೇಶವಲ್ಲದೆ ಇನ್ನೇನು? ನನ್ನ ವೀಸಾ, ವಿಮಾನದ ಗೋಳೆಲ್ಲಾ ಅದರ ಮುಂದೆ ಏನೂ ಅಲ್ಲ.

ಕೂತು ತಿನ್ನೋ ಗಿರಾಕಿಗಳು ಹೆಚ್ಚಾಗಿ ಗಂಡಸರು. ಗುಮಾಸ್ತರು, ಕೋರ್ಟು ಕೆಲಸಕ್ಕೆ ಬಂದವರು, ರೂಮು ಮಾಡಿಕೊಂಡು ಓದುತ್ತಿದ್ದ ಹುಡುಗರು. ಅವರೊಳಗೂ ಎಲ್ಲರಿಗೂ ಒಂದೇ ಪಂಕ್ತಿ ಇರಲಿಲ್ಲ, ಬ್ರಾಹ್ಮಣರಿಗೆ ಬೇರೆ ಜಾಗ ಇಟ್ಟ ಹೋಟ್ಲುಗಳಿದ್ದವು, ಒಳಗೇ ಬರಕೂಡದು ಅನ್ನಿಸಿಕೊಂಡವರಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಸುಮ್ಮನೆ ಸಮಾನತೆ ಅಂತ ಹೇಳಿ ಬಿಡಲಿಲ್ಲ, ಅಂಗಡಿ, ಹೋಟೆಲು ಅಂತ ಹೆಸರಿಟ್ಟೇ ಬರೆಯಿತು. ಬರೆಯಬೇಕಾದ ಪರಿಸ್ಥಿತಿ ಇತ್ತು. 1924ರಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಅಲ್ಲಿನ ಹೋಟೆಲು ನೋಡಿ ಬಂದರು. ಅಲ್ಲಿಂದ ಹೊತ್ತು ತಂದದ್ದು ಸ್ವಚ್ಛತೆಯ ಪಾಠ, ಲೋಟ ತಟ್ಟೆಗಳನ್ನ ಹಬೆಯಲ್ಲಿ ಶುದ್ಧ ಮಾಡೋ ಪದ್ಧತಿ.

ಹೆಂಗಸರು ಬಂದು ಕೂರೋ ಹಾಗಾದದ್ದು 'ಫ್ಯಾಮಿಲಿ ರೂಮ್' ಅನ್ನೋ ಮರದ ಅಡ್ಡಗೋಡೆಯ ಗೂಡುಗಳಿಂದ. ಅಮ್ಮ ಬಂದ ಮೇಲೇ ಮಗು ಬಂದದ್ದು. ಅದಕ್ಕೂ ಮುಂಚೆ ಹೋಟ್ಲೇ ಮಕ್ಕಳ ಹತ್ತಿರ ಬರ್ತಿತ್ತು, ಪಾರ್ಸೆಲ್ ಆಗಿ. ನಮ್ಮಮ್ಮ ದೊಡ್ಡಬಳ್ಳಾಪುರದವರು. ತಾತ ಮಗ್ಗದ ಕೂಲಿ ಬಟವಾಡೆಯಾದ ದಿನ ಬಾಳೆಲೆ, ಮೇಲೆ ನ್ಯೂಸ್‌ಪೇಪರ್ ಸುತ್ತಿ ದಾರ ಕಟ್ಟಿದ ಒಂದೇ ಒಂದು ಮಸಾಲೆದೋಸೆ ತರ್ತಿದ್ದರಂತೆ. ಐದು ಜನ ಮಕ್ಕಳಿಗೆ ಅದನ್ನ ಅಜ್ಜಿ ಪಾಲು ಮಾಡೋರು. ಆಲೂಗಡ್ಡೆ ಪಲ್ಯ ಇರೋ ನಡುಭಾಗಕ್ಕೆ ಜಗಳ. ಅಜ್ಜಿಗೆ ಉಳೀತಿದ್ದದ್ದು ಬಾಳೆಲೆ. ಅಮ್ಮ ಮೊದಲ ಸಲ ಹೋಟ್ಲೊಳಗೆ ಕೂತದ್ದು ಮದುವೆಯಾದ ಮೇಲೆ, ಯಲಹಂಕದಲ್ಲಿ. ಅಜ್ಜಿ ಕೂತೇ ಇಲ್ಲ.

ಹೀಗೆ ಕಷ್ಟಪಟ್ಟು ಸಿಕ್ಕ ಕುರ್ಚಿಯನ್ನ ದರ್ಶಿನಿಗಳು ತೆಗೆದುಬಿಟ್ಟವು! 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರಿಂದ ಶುರುವಾದ ಕೆಫೆ ದರ್ಶಿನಿಯ ಲೆಕ್ಕ ಸರಳ. ಕೂಪನ್ ತಗೊಳ್ಳಿ, ನಿಂತು ತಿನ್ನಿ, ಜಾಗ ಖಾಲಿ ಮಾಡಿ. ದುಡ್ಡು ಕಮ್ಮಿ, ಜಾತಿ ಕೇಳೋರಿಲ್ಲ, ಮರೆ ಗೂಡಿಲ್ಲ. ಆದರೆ ನಿಂತವರ ಎದೆ ಮಟ್ಟದ ಟೇಬಲ್ಲಿಗೆ ಮೂರು ವರ್ಷದ ಮಗು ಎಟಕೋದು ಹೇಗೆ? ನಮ್ಮ ಜನ ಅದಕ್ಕೂ ದಾರಿ ಕಂಡುಕೊಂಡರು. ಮಗೂನ ಟೇಬಲ್ ಮೇಲೇ ಕೂರಿಸಿ, ಇಡ್ಲಿ ಆರಿಸಿ, ವಡೆಯ ಗರಿಗರಿ ಅಂಚು ಮುರಿದು ಬಾಯಿಗಿಡೋದು. ನನ್ನನ್ನೂ ಹಾಗೇ ಬೆಳೆಸಿದ್ದು. ಮಕ್ಕಳ ಮೆನು ಅಂತ ಬೇರೆ ಬೇಕಿರಲಿಲ್ಲ, ಇಡ್ಲಿಗಿಂತ ಮೆತ್ತಗಿನ ಮಕ್ಕಳ ತಿಂಡಿಯನ್ನ ಯಾವ ಹೋಲ್ಟೂ ಬರೆದುಕೊಡಲಾರ.

ಎಡಿಸನ್‌ನಲ್ಲಿದ್ದಾಗ ನಾವು ಮೂವರೂ ಒಟ್ಟಿಗೆ ಕೂತು ತಿನ್ನುತ್ತಿದ್ದ ಹೊರಗಿನ ಜಾಗ ಒಂದೇ, ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನು. ದೇವಸ್ಥಾನದ ಪ್ರತಿಷ್ಠೆ ಆದದ್ದು 1977ರಲ್ಲಿ, ಕ್ಯಾಂಟೀನು 1993ರಲ್ಲಿ. ಟ್ರಾಫಿಕ್ ಇದ್ದರೆ ಎರಡು ಗಂಟೆ ದಾರಿ, ಸೇತುವೆ ಟೋಲು ಬೇರೆ. ನೆಲಮಾಳಿಗೆಯಲ್ಲಿ ಸಾಲು ಟೇಬಲ್ಲು, ದೋಸೆಯ ವಾಸನೆ, ತಮಿಳು, ತೆಲುಗು, ಕನ್ನಡದಲ್ಲಿ ಗಲಾಟೆ, ನಡುವೆ ಓಡಾಡೋ ಮಕ್ಕಳು. ಒಮ್ಮೆ ಮಗಳು ಸಾಂಬಾರು ಚೆಲ್ಲಿದಳು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಟಿಶ್ಯೂ ತಗೊಂಡು ತಾವೇ ಒರೆಸಿ, "ನೀ ತಿನ್ನಮ್ಮ, ನಾನ್ ನೋಡ್ಕೋತೀನಿ" ಅಂತ ಮಗಳನ್ನ ತೊಡೆ ಮೇಲೆ ಕೂರಿಸಿಕೊಂಡರು. ನನ್ನ ಹೆಂಡತಿ ಅವತ್ತು ಬಿಸಿ ದೋಸೆ ಬಿಸಿಯಿದ್ದಾಗಲೇ ತಿಂದಳು.

ಈಗ ವಾಪಸ್ ರಾಜಾನುಕುಂಟೆಯಲ್ಲಿದ್ದೀವಿ. ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರ ರಸ್ತೆಯ ಹೋಟ್ಲಿಗೆ ಅಮ್ಮನೂ ಬರ್ತಾರೆ. ಹೋಟ್ಲು, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನ ದುಡಿಸಕೂಡದು ಅಂತ 2006ರ ಅಕ್ಟೋಬರಿನಿಂದ ಕಾನೂನಿದೆ, ಇಲ್ಲಿ ಮಾಣಿಗಳಿಲ್ಲ. ಟೇಬಲ್ ಒರೆಸೋನು ಅಸ್ಸಾಮಿನವನು, ನನಗಿಂತ ಎರಡು ಮೂರು ವರ್ಷ ಚಿಕ್ಕವನಿರಬಹುದು. ಮಗಳಿಗೆ ಕೇಳದೆಯೇ ಸಣ್ಣ ತಟ್ಟೆ ತಂದಿಡ್ತಾನೆ. ಹೋದ ವಾರ ಅಮ್ಮ ಅವನನ್ನ ಮಕ್ಕಳೆಷ್ಟಪ್ಪ ಅಂತ ಕೇಳಿದರು. ಒಬ್ಬಳೇ ಮಗಳಂತೆ, ಊರಲ್ಲಿ ಅಜ್ಜಿ ಹತ್ತಿರ ಇದಾಳೆ. ಇನ್ನೂ ದೋಸೆ ತಿಂದಿಲ್ಲವಂತೆ.